ಕೂಗಿದ ಆಯೇರಿ

“ಮಗಳ ಮದುವಿಗೆ ನಮ್ಮ ಸಂಘದ ಆಯೇರಿ, ಉಡುಗೊರಿ ಅಂತ ತಿಳೀರಿ ಅಕ್ಕಾರ. ಹಾಲ್ ಬಾಡಿಗಿ ಬ್ಯಾಡ,” ಎಂದರು ವೀರಭದ್ರಪ್ಪ, ಚಹಾದ ಬಟ್ಟಲು ಕೆಳಗಿಟ್ಟು.

ಅವರು ಕುಷಾಯಿಗೂಡದ ಫಂಕ್ಷನ್ ಹಾಲ್ ಮಾಲೀಕರ ಸಂಘದ ಕಾರ್ಯದರ್ಶಿ. ಶಿವದೇವಿ ಪುರಸಭೆಯ ಸದಸ್ಯೆ. ಜ್ಯೇಷ್ಠದ ಆ ಭಾನುವಾರ ವೀರಭದ್ರಪ್ಪನವರ ಹಾಲ್‌ನಲ್ಲಿ ಆಕೆಯ ಮಗಳು ನಲಿನಿಯ ಮದುವೆ. ಅದಾದ ಬುಧವಾರ ಪುರಸಭೆಯಲ್ಲಿ ಶಿವದೇವಿಯ ಠರಾವಿಗೆ ಮತ. ಹಾಲ್‌ಗಳು ಈವರೆಗೆ ವಾಸದ ಮನೆಗಳ ದರದಲ್ಲೇ ತೆರಿಗೆ ಕಟ್ಟುತ್ತಿದ್ದವು. ಇನ್ನು ಅಂಗಡಿಗಳ ದರ ಹಾಕಿ, ಆ ಹಣದಲ್ಲಿ ಹಿಂದಿನ ಗಲ್ಲಿಗೆ ಚರಂಡಿ ಕಟ್ಟಬೇಕೆಂದು ಠರಾವು ಹೇಳುತ್ತಿತ್ತು. ಮದುವೆ ನಡೆದಾಗಲೆಲ್ಲ ಹಾಲ್‌ನ ಅಡುಗೆಮನೆಯ ನೀರು ಆ ಗಲ್ಲಿಯ ಬಸಲಿಂಗಮ್ಮನ ಹೊಸ್ತಿಲು ದಾಟುತ್ತಿತ್ತು.

“ಬಾಡಿಗಿ ಕೊಡ್ತೀನಿ, ಪಾವತಿ ಚೀಟಿ ಕೊಡ್ರಿ,” ಎಂದಳು ಶಿವದೇವಿ.

“ಆಯೇರಿಗೆ ಪಾವತಿ ಎಲ್ಲೈತ್ರಿ? ಉಳಿದ ಸದಸ್ಯರು ಅವರ ಮನಿ ಮದುವ್ಯಾಗ ಯಾರೂ ಕೇಳಿಲ್ಲ. ಠರಾವು ಒಂದ್ ವರ್ಷ ಮುಂದ ಹೋದ್ರ ಯಾರ ಗಂಟು ಹೋಗತೈತಿ?”

ಅವರು ಹೋದ ಮೇಲೆ ಗಂಡ ಅಮರೇಶಪ್ಪ ತಲೆ ಕೆರೆದುಕೊಂಡರು. “ಆಯೇರಿ ಒಲ್ಲೆ ಅಂದ್ರ ಮನಿತನಕ್ಕ ಬೈದಂಗ. ಕಾರ್ಡಿನ್ಯಾಗ ಹಾಲ್ ಹೆಸರು ಹಾಕೇವಿ. ಬ್ಯಾರೆ ಹಾಲ್ ಎಲ್ಲಿಂದ ತರ್ಲಿ?”

“ಬ್ಯಾಡ ಅನ್ನಂಗಿಲ್ಲ. ಆಯೇರಿ ಹೆಂಗ ತಗೋಬೇಕೋ ಹಂಗ ತಗೋತೀನಿ.”

ಅವರ ಕಡೆಯ ಮದುವೆಗಳಲ್ಲಿ ಬಂದ ಉಡುಗೊರೆಯನ್ನೆಲ್ಲ ಹೆಸರು ಹಿಡಿದು ಮೈಕಿನಲ್ಲಿ ಕೂಗುತ್ತಾರೆ. ಯಾರಿಂದ ಏನು ಬಂತೆಂದು ಗೊತ್ತಿದ್ದರೆ ತಾನೆ ಮುಂದೆ ಅವರ ಮನೆಗೆ ಮುಯ್ಯಿ ಮಾಡುವುದು. ಭಾನುವಾರ ಅಕ್ಷತೆ ಬಿದ್ದ ಮೇಲೆ ಆಯೇರಿ ಕೂಗುವ ಸೂಗಪ್ಪ ಮೈಕು ಹಿಡಿದ. ಸೀರೆ, ಸ್ಟೀಲಿನ ಕೊಡ, ಗೋಡೆ ಗಡಿಯಾರ. ಆಮೇಲೆ ಅದೇ ರಾಗದಲ್ಲಿ, “ಫಂಕ್ಷನ್ ಹಾಲ್ ಮಾಲೀಕರ ಸಂಘದವರದು, ಇವತ್ತಿನ ಹಾಲ್ ಬಾಡಿಗಿ.”

ಮುಂದಿನ ಸಾಲಿನಲ್ಲಿದ್ದ ಪುರಸಭೆ ಸದಸ್ಯರು ವೀಳ್ಯ ಜಗಿಯುವುದನ್ನು ನಿಲ್ಲಿಸಿದರು. ವೀರಭದ್ರಪ್ಪ ಶಿವದೇವಿಯ ಬಳಿ ಬಂದರು.

“ಇದನ್ನ ಕೂಗಬಾರದಿತ್ರಿ.”

“ಕೂಗಲಾರದ ಆಯೇರಿ ಯಾವ ಮದುವ್ಯಾಗ ನೋಡೀರಿ?”

“ಮುಯ್ಯಿ ಏನಂತೋ, ಸೂಗಪ್ಪ? ಅದನ್ನೂ ಕೂಗು,” ಎಂದಳು ಬಸಲಿಂಗಮ್ಮ ಹಿಂದಿನಿಂದ. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಶಿವದೇವಿ ಮೈಕು ತೆಗೆದುಕೊಂಡಳು. ದನಿ ಏರಿಸಲಿಲ್ಲ. “ಇದಕ್ಕ ಮುಯ್ಯಿ ಅಂದ್ರ ಬುಧವಾರ ನಾ ಕೈ ಎತ್ತಬಾರದು. ಆ ಕೈ ವಾರ್ಡಿನವರದು, ಕೊಡಾಕ ನಂದಲ್ಲ. ಬಾಡಿಗಿ ತಗೊಂಡು ಎಲ್ಲಾರ ಮುಂದ ಪಾವತಿ ಕೊಡ್ರಿ.”

ನೆಲ ನೋಡುತ್ತ ನಿಂತಿದ್ದ ಅಮರೇಶಪ್ಪ ಜೇಬಿನಿಂದ ಪೆನ್ನು ತೆಗೆದು ವೀರಭದ್ರಪ್ಪನವರ ಕೈಗೆ ಕೊಟ್ಟರು.

ಬುಧವಾರ ಮೊದಲು ಕೈ ಎತ್ತಿದವಳು ಶಿವದೇವಿ. ಪಕ್ಕದ ಸದಸ್ಯ ಸುಬ್ಬರಾಯರು ಹೋದ ವರ್ಷ ಮಗನ ಮದುವೆಯನ್ನು ಬಾಡಿಗೆ ಕೊಡದೆ ಅದೇ ಹಾಲ್‌ನಲ್ಲಿ ಮಾಡಿದ್ದರು. “ನಮ್ಮ ಮುಯ್ಯಿ ಏನು ಅಂತ ಭಾನುವಾರದಿಂದ ಮನೆಯವಳು ಕೇಳ್ತಾ ಇದ್ದಾಳೆ,” ಎಂದು ಗೊಣಗಿ ಅರ್ಧ ಕೈ ಎತ್ತಿದರು.

“ಪೂರ್ತಿ ಎತ್ರಿ ರಾಯರ, ಎಣಿಸವರಿಗೆ ಕಾಣಲಿ.”

ಆದರೂ ಠರಾವು ಬಿತ್ತು. ಉಳಿದವರ ಮನೆಗಳಲ್ಲೂ ಮದುವೆಗಳು ಬಾಕಿ ಇದ್ದವು.

ಸಂಜೆ ಶಿವದೇವಿ ಬಸಲಿಂಗಮ್ಮನ ಕಟ್ಟೆಯ ಮೇಲೆ ಕುಳಿತಳು. ಗಲ್ಲಿ ಇನ್ನೂ ಒದ್ದೆಯಾಗಿತ್ತು.

“ಸೋತೆ ಅಲ್ಲ?” ಎಂದಳು ಬಸಲಿಂಗಮ್ಮ.

“ಈ ಸಲ. ಮುಂದಿನ ತಿಂಗಳ ಸಭಾಕ್ಕ ಮತ್ತ ಅದನ್ನ ಇಡಾಕ ಬರದು ಕೊಟ್ಟು ಬಂದೀನಿ.”

“ಆಗೇನು ಬ್ಯಾರೆ ಆಗತೈತಿ?”

“ಆಷಾಢ ಬರತೈತಲ್ಲವಾ. ಮದುವಿ ಇರಂಗಿಲ್ಲ. ಖಾಲಿ ಹಾಲ್ ಯಾರಿಗಂತ ಆಯೇರಿ ಕೊಡ್ತಾರ?”