ದರ್ಜಿಯಮ್ಮನ ಗಾಳಿಗಂಟೆಗಳು

ದರ್ಜಿಯಮ್ಮನ ದೃಷ್ಟಿ ಪೂರ್ತಿ ಹೋಗುವುದಕ್ಕೆ ಎರಡು ವರ್ಷ ಹಿಡಿಯಿತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಅಳತೆ ಕೊಡಲು ಬಂದವರ ಮುಖ. ಅದಾದ ಮೇಲೂ ಆರು ತಿಂಗಳು ಬೆರಳ ಅಂದಾಜಿನಲ್ಲೇ ಅಂಗಿ ಹೊಲಿದರು. ಯಾರೂ ದೂರಲಿಲ್ಲ. ಒಬ್ಬರ ಅಂಗಿಯ ಒಂದು ತೋಳು ಮಾತ್ರ ಉದ್ದವಾಗಿತ್ತು. ಅವರ ಕೈಯೇ ಹಾಗಿದೆ ಎಂದು ದರ್ಜಿಯಮ್ಮ ಸಾಧಿಸಿದರು.

ಅವರ ಗಂಡ ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷ ಕಂಡಕ್ಟರನ ಕೂಗು ಕೇಳಿ ಬಸ್ಸನ್ನು ಹಿಂದಕ್ಕೆ ತೆಗೆದವರು ಈಗ ತಾವೇ ಕೂಗುವವರಾದರು. ಹೆಂಡತಿ ಹಿತ್ತಲಿಗೆ ಇಳಿದರೆ ಸಾಕು, ಮೆಟ್ಟಿಲ ಮೇಲೆ ನಿಂತು, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹೋಲ್ಡಾನ್!" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ದರ್ಜಿಯಮ್ಮ ನಲ್ಲಿಯ ಹತ್ತಿರ ನಿಂತುಬಿಟ್ಟರು. "ರೀ, ನಾನೇನು ಬಸ್ಸಾ?"

"ಅಲ್ಲ. ಬಸ್ಸು ಹೇಳಿದ ಮಾತು ಕೇಳ್ತಿತ್ತು."

ಮಧ್ಯಾಹ್ನ ಊಟ ಮುಗಿಯಿತು. ಕೈ ತೊಳೆದ ಮೇಲೆ ದರ್ಜಿಯಮ್ಮ ತೀರ್ಮಾನ ಹೇಳಿದರು. "ಗಾಳಿಗಂಟೆ ತರೋಣ. ನಲ್ಲಿಗೊಂದು, ಬಟ್ಟೆ ಒಣಗಿಸೋ ತಂತಿಗೊಂದು, ನಿಂಬೆಗಿಡಕ್ಕೊಂದು. ಸದ್ದು ಕೇಳ್ಕೊಂಡು ನಾನೇ ಹೋಗ್ತೀನಿ. ನಿಮ್ಮ ಕೂಗು ಬೀದಿ ಕೊನೆವರೆಗೂ ಕೇಳುತ್ತೆ."

ಸಂಜೆ ಇಬ್ಬರೂ ಗಾಳಿಗಂಟೆ ಮಾರುವ ಅಂಗಡಿಗೆ ಹೋದಾಗ ಅಂಗಡಿಯಾಕೆ ಒಂದನ್ನು ಎತ್ತಿ ಹಿಡಿದರು. "ನೋಡಿಮ್ಮ, ನೀಲಿ ಗಾಜಿನ ಮೀನು. ಬಣ್ಣ ಎಷ್ಟು ಚೆನ್ನಾಗಿದೆ!"

"ಬಣ್ಣ ಇವರಿಗೆ ತೋರಿಸಿ. ನನಗೆ ಬಾರಿಸಿ."

ಅಂಗಡಿಯಾಕೆ ಇಪ್ಪತ್ತಾರು ಬಾರಿಸಿದರು. ಗಾಜಿನದು ಯಾರೋ ಲೋಟ ಒಡೆದ ಹಾಗಿದೆ, ಯಾರು ಅಂತ ದಿನಾ ಕೇಳಬೇಕಾಗುತ್ತೆ ಎಂದು ದರ್ಜಿಯಮ್ಮ ಬೇಡವೆಂದರು. ಪಿಂಗಾಣಿಯದು ಕೇಳಿದರೆ ಎದ್ದು ಹೋಗಿ ಪಾತ್ರೆ ತೊಳೆಯಬೇಕು ಅನಿಸುತ್ತದಂತೆ. ಚಿಪ್ಪಿನದಕ್ಕೆ, "ಇದು ನಮ್ಮತ್ತೆ ಹಲ್ಲುಸೆಟ್ಟು," ಎಂದರು. ಕೊನೆಗೆ ನಲ್ಲಿಗೆ ಬಿದಿರು, ತಂತಿಗೆ ದಪ್ಪ ಕಬ್ಬಿಣದ ಕೊಳವೆ, ನಿಂಬೆಗೆ ಸಣ್ಣ ಹಿತ್ತಾಳೆ. ಡ್ರೈವರಿಗೆ ಗಾಜಿನ ಮೀನು ಹಿಡಿಸಿತ್ತು. ಇನ್ನೊಮ್ಮೆ ಅದನ್ನು ಮುಟ್ಟಿ ನೋಡಿ ಹೊರಟರು.

ಮನೆಗೆ ಬಂದು ಸ್ಟೂಲು ಹಾಕಿ, ಹೆಂಡತಿಯ ತಲೆಗಿಂತ ಒಂದು ಗೇಣು ಮೇಲೆ ಅಳೆದು, ಮೂರನ್ನೂ ಕಟ್ಟಿದರು. ಆಮೇಲೆ ಮೂರು ದಿನ ಒಂದೆಲೆಯೂ ಅಲುಗಲಿಲ್ಲ.

ಮೂರನೆಯ ದಿನ ಡ್ರೈವರ್ ತಡೆಯಲಾರದೆ ಪೊರಕೆಯ ಹಿಡಿಯಿಂದ ಬಿದಿರಿನ ಗಂಟೆಯನ್ನು ಮೆಲ್ಲಗೆ ತಟ್ಟಿದರು. ಅಷ್ಟರಲ್ಲಿ ಕೆಮ್ಮು ಬಂತು.

"ರೀ," ದರ್ಜಿಯಮ್ಮ ಕೇಳಿದರು, "ಗಾಳಿ ಕೆಮ್ಮುತ್ತಾ?"

ನಾಲ್ಕನೆಯ ದಿನ ಗಾಳಿ ಬಂತು. ಮೂರೂ ಗಂಟೆಗಳು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ದರ್ಜಿಯಮ್ಮ ಹಿತ್ತಲ ನಡುವೆ ಕೈ ಚಾಚಿಕೊಂಡು ನಿಂತರು. ಎಡಕ್ಕೆ ಒಂದು ಹೆಜ್ಜೆ ಇಟ್ಟರು, ಬಲಕ್ಕೆ ಒಂದು. "ಮೂರು ಜನಾನೂ ಬಾ ಬಾ ಅಂತಿದ್ದಾರೆ. ಯಾರ ಮನೆಗೆ ಅಂತ ಹೋಗ್ಲಿ?" ಎಂದರು. ತಮಾಷೆಯ ಮಾತೇ, ಆದರೆ ದನಿ ತಮಾಷೆಯದಾಗಿರಲಿಲ್ಲ. ಡ್ರೈವರ್ ಗಂಟಲವರೆಗೆ ಬಂದ ಹೋಲ್ಡಾನನ್ನು ನುಂಗಿಕೊಂಡು, ಇಳಿದು ಹೋಗಿ, ಕೈ ಹಿಡಿದು ಕರೆತಂದರು. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದೆ, ದಾರವಿಲ್ಲದೆ ಸುಮ್ಮನೆ ತುಳಿಯುತ್ತಲೇ ಇದ್ದರು.

"ಬಿಚ್ಚಿಬಿಡ್ಲಾ?" ಡ್ರೈವರ್ ಬಾಗಿಲಲ್ಲಿ ನಿಂತು ಕೇಳಿದರು.

"ಮುಟ್ಟಬೇಡಿ."

ತುಳಿಯುವುದು ನಿಂತಿತು. ಸ್ವಲ್ಪ ಹೊತ್ತಿಗೆ ಕಪಾಟಿನಲ್ಲಿ ಉಳಿದಿದ್ದ ಲಾಡಿ ಸುರುಳಿಗಳೆಲ್ಲ ಹೊರಬಿದ್ದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ದರ್ಜಿಯಮ್ಮ ಅವನ್ನು ತುದಿಗೆ ತುದಿ ಸೇರಿಸಿ ಮೂರು ಉದ್ದನೆಯ ಲಾಡಿ ಹೊಲಿದಿದ್ದರು. ಒಂದು ತುದಿ ಹಿತ್ತಲ ಬಾಗಿಲ ಮೊಳೆಗೆ, ಇನ್ನೊಂದು ಗಂಟೆಯ ನಡುವೆ ತೂಗಿ ಬಡಿಯುವ ಬಿಲ್ಲೆಗೆ. ನಲ್ಲಿಯ ಲಾಡಿಗೆ ಒಂದು ಗಂಟು, ತಂತಿಯದಕ್ಕೆ ಎರಡು, ನಿಂಬೆಯದಕ್ಕೆ ಮೂರು. ಯಾವ ಲಾಡಿ ಎಳೆದರೆ ಅದರ ಗಂಟೆಯಷ್ಟೇ ಸದ್ದು ಮಾಡುತ್ತಿತ್ತು; ಲಾಡಿ ಹಿಡಿದೇ ಅಲ್ಲಿಗೆ ನಡೆಯಬಹುದಿತ್ತು. ಬಿಗಿಯಾಗಿ ಕಟ್ಟಿದ್ದರಿಂದ ಗಂಟೆಗಳ ಮೇಲೆ ಗಾಳಿಗೆ ಇನ್ನು ಯಾವ ಅಧಿಕಾರವೂ ಉಳಿಯಲಿಲ್ಲ.

"ಇದು ಎಲ್ಲಿಂದ ಹೊಳೀತೇ?"

"ನಿಮ್ಮ ಹಳೇ ಬಸ್ಸಲ್ಲಿ ಕಂಡಕ್ಟರ್ ಹಗ್ಗ ಎಳೆದ್ರೆ ನಿಮ್ಮ ತಲೆ ಹತ್ರ ಗಂಟೆ ಹೊಡೀತಿತ್ತಲ್ಲ."

"ಹಾಗಾದ್ರೆ ಇಲ್ಲಿ ಕಂಡಕ್ಟರ್ ಯಾರು?"

"ನಾನು. ನೀವು ಪ್ಯಾಸೆಂಜರ್. ಕೂತ್ಕೊಳ್ಳಿ."

ಡ್ರೈವರ್ ಮೆಟ್ಟಿಲ ಮೇಲೆ ಕೂತರು. ಮೂರು ಗಂಟಿನ ಲಾಡಿ ಎಳೆದಾಗ ಹಿತ್ತಾಳೆ ಟಿಣ್ಣೆಂದಿತು. ದರ್ಜಿಯಮ್ಮ ನಡೆದರು. ಕುಂಡಕ್ಕೆ ಒಮ್ಮೆ ಕಾಲು ತಗುಲಿತು. ಕುಂಡಕ್ಕೆ ಬೈದು ಮುಂದೆ ಹೋದರು. ನಿಂಬೆಗಿಡದ ಹಿಂದೆ ಮರೆಯಾದ ಮೇಲೆ ಬಹಳ ಹೊತ್ತು ಸದ್ದೇ ಇಲ್ಲ. ಡ್ರೈವರ್ ಅರ್ಧ ಎದ್ದರು.

"ಏಳಬೇಡಿ!" ಗಿಡದ ಹಿಂದಿನಿಂದ ದನಿ ಬಂತು. "ಕೀಳ್ತಿದ್ದೀನಿ."

ಸೆರಗು ತುಂಬಿಕೊಂಡು ಬಂದು ಮೆಟ್ಟಿಲ ಮೇಲೆ ಸುರಿದರು. ಐದು ಹಣ್ಣು, ಒಂದು ಹಸಿರು ಕಾಯಿ. ಡ್ರೈವರ್ ಕಾಯಿಯನ್ನು ಸದ್ದಾಗದಂತೆ ಜೇಬಿಗಿಳಿಸಿದರು.

"ಎಷ್ಟಿದೆ?"

"ಐದು. ಎಲ್ಲಾ ಹಣ್ಣೇ."

"ಆರು ಕಿತ್ತಿದ್ದೆ," ಎಂದರು ದರ್ಜಿಯಮ್ಮ, ಅವರ ಪಕ್ಕದಲ್ಲಿ ಕೂರುತ್ತ. "ಜೇಬಲ್ಲಿರೋದನ್ನ ಹೊರಗಿಡಿ. ಎರಡು ದಿನ ಬಿಟ್ರೆ ಹಳದಿಯಾಗುತ್ತೆ."