ಆರನೇ ಪಾಠ

“ತೆಗೀರಿ ಸಾರ್ ಅದನ್ನ!”

ಗ್ರಂಥಾಲಯದ ಮೌನ ಬೆಚ್ಚಿಬಿತ್ತು. ಅಲ್ಲಿದ್ದ ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದ ಆಸ್ಪತ್ರೆ ಲಾಂಡ್ರಿಯ ಹೆಂಗಸು ಪರದೆಯತ್ತ ಬೆರಳು ಚಾಚಿದ್ದಳು. ‘ಈ ತಾಣಕ್ಕೆ ಪ್ರವೇಶವಿಲ್ಲ’ ಎಂಬ ಕೆಂಪು ಅಕ್ಷರಗಳ ಹಿಂದೆಲ್ಲೋ ಅವಳ ಆರನೇ ಪಾಠವಿತ್ತು.

ಮೌತ್ ಆರ್ಗನ್ ಕಲಿಸುವ ಆ ವೆಬ್‌ಸೈಟು ಸುಮ್ಮನೆ ಸಿಕ್ಕಿದ್ದಲ್ಲ. ವಾರದ ರಜೆಯಲ್ಲಿ ಈ ಕಂಪ್ಯೂಟರಿನ ಮುಂದೆ ಸಿಗುವ ಅರ್ಧ ಗಂಟೆಯಲ್ಲಿ ಎರಡು ತಿಂಗಳು ಹುಡುಕಿದ್ದಳು. ಒಂದರಲ್ಲಿ ಎರಡನೇ ಪಾಠಕ್ಕೇ ದುಡ್ಡು ಕೇಳಿದರು, ಇನ್ನೊಂದರಲ್ಲಿ ಬರೀ ಜಾಹೀರಾತಿನ ಗಲಾಟೆ. ಕೊನೆಗೆ ಸಿಕ್ಕಿದವನು ಒಬ್ಬ ನಿವೃತ್ತ ರೈಲ್ವೆ ಗಾರ್ಡ್. ಬನಿಯನ್ನಿನಲ್ಲೇ ಅಡುಗೆಮನೆಯಲ್ಲಿ ಕೂತು, ಎಲ್ಲಿ ಉಸಿರು ಊದಬೇಕು, ಎಲ್ಲಿ ಎಳೆಯಬೇಕು ಎಂದು ತಾಳ್ಮೆಯಿಂದ ತೋರಿಸುತ್ತಿದ್ದ.

ಗ್ರಂಥಪಾಲಕ ರಿಜಿಸ್ಟರನ್ನು ಅವಳತ್ತ ತಿರುಗಿಸಿದ. ‘ಉದ್ದೇಶ’ ಎಂಬಲ್ಲಿ ಉಳಿದವರೆಲ್ಲ ‘ಉದ್ಯೋಗದ ಅರ್ಜಿ’ ಎಂದು ಗೀಚಿ ಸಿನಿಮಾ ನೋಡಿ ಹೋಗಿದ್ದರು. ಇವಳೊಬ್ಬಳೇ, ಕೇಳಿದ ಮೇಲೆ ನಿಜ ಹೇಳಬೇಕೆಂದು, ಪಾಠ ಶುರುವಾದ ಐದು ವಾರವೂ ‘ಖುಷಿಗೆ’ ಎಂದು ದುಂಡಗೆ ಬರೆದಿದ್ದಳು.

“ನೀವೇ ಬರ್ಕೊಟ್ಟಿದ್ದೀರಲ್ಲಮ್ಮ. ಮೇಲಿನವರು ನೋಡಿ ಮುಚ್ಚಿಸಿದ್ರು. ಈ ವಯಸ್ಸಲ್ಲಿ ಪೀಪಿ ಕಲಿತು ಏನ್ ಮಾಡ್ತೀರಿ?”

“ಊದ್ತೀನಿ.”

ಕಂಪ್ಯೂಟರಿಗಾಗಿ ಸಾಲಿನಲ್ಲಿ ನಿಂತಿದ್ದ ಟ್ಯಾಕ್ಸಿ ಡ್ರೈವರ್ ಕಿಸಕ್ಕನೆ ನಕ್ಕ. “ಊದ್ಲಿ ಬಿಡಿ ಸಾರ್. ನನ್ನ ಹಾರ್ನ್‌ಗಿಂತ ಚೆನ್ನಾಗೇ ಇರತ್ತೆ.”

ಗ್ರಂಥಪಾಲಕ ದನಿ ತಗ್ಗಿಸಿ ಪೆನ್ನು ಮುಂದಿಟ್ಟ. “ಒಂದ್ ಕೆಲಸ ಮಾಡಿ. ‘ಸಂಗೀತ ಶಿಕ್ಷಕಿ ಹುದ್ದೆಗೆ ತಯಾರಿ’ ಅಂತ ತಿದ್ದಿ. ಈಗ್ಲೇ ತೆಗೆದುಕೊಡ್ತೀನಿ.”

ಅವಳ ಕಿವಿ ಬಿಸಿಯಾಯಿತು. ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಮೈಯೆಲ್ಲ ಬೇರೆಯವರ ಕೆಲಸಕ್ಕೇ ಸವೆದಿತ್ತು. ಯಾರ ಕೆಲಸಕ್ಕೂ ಬಾರದ ಈ ಅರ್ಧ ಗಂಟೆ ಮಾತ್ರ ಅವಳದು. ಅದಕ್ಕೂ ಹುದ್ದೆಯ ವೇಷ ತೊಡಿಸಬೇಕೆ?

“ಊರವರ ರಕ್ತ, ಕೀವು ತೊಳೀವಾಗ ಯಾರೂ ಉದ್ದೇಶ ಕೇಳ್ಲಿಲ್ಲ ಸಾರ್. ನನ್ನ ಖುಷಿಗೆ ಮಾತ್ರ ಸುಳ್ಳು ಬರೀಬೇಕಾ? ತಿದ್ದಲ್ಲ.”

“ಹಾಗಾದ್ರೆ ಏಳಿ.”

“ನನ್ನ ಟೈಮ್ ಇನ್ನೂ ಮುಗಿದಿಲ್ಲ.”

ಪೆನ್ನನ್ನು ಪಕ್ಕಕ್ಕೆ ಸರಿಸಿ, ಕೆಂಪು ಪರದೆಯ ಮುಂದೆ ನೆಟ್ಟಗೆ ಕೂತಳು. ಮೌತ್ ಆರ್ಗನ್ ಹಿಡಿದವಳಂತೆ ಬರಿಗೈಗಳನ್ನು ತುಟಿಯ ಹತ್ತಿರ ತಂದು, ಗೊತ್ತಿದ್ದ ಪಾಠವನ್ನೇ ಮೊದಲಿನಿಂದ ಶುರುಮಾಡಿದಳು. ಊದು, ಎಳೆ, ಎಳೆ, ಊದು. ಲಾಂಡ್ರಿಯ ಆವಿ ಕುಡಿದು ಬಿಗಿದ ಎದೆ ಸುಂಯ್‌ಗುಟ್ಟಿತು. ಭುಜಗಳು ಏರಿದವು, ಇಳಿದವು. ಹಿಂದೆ ಸಾಲಿನಲ್ಲಿ ಯಾರೋ ತಮಗೆ ಬಂದ ಕೆಮ್ಮನ್ನು, ಅವಳ ಪಾಠ ಕೆಡದಂತೆ, ಅಂಗೈಯಲ್ಲೇ ಒತ್ತಿ ಹಿಡಿದರು.