ಎಡಗೈಯ ಆನೆ

ಅಮ್ಮನ ಹೆಣಕ್ಕೆ ಹೆಗಲು ಕೊಡಲು ಬಾಗಿದವನನ್ನು ಮಗಳು ತೋಳು ಹಿಡಿದು ನಿಲ್ಲಿಸಿದಳು.

"ನೀವು ಬೇಡ."

ಆಟಿಕೆ ಕಂಪನಿಯ ಯಜಮಾನ ಸುತ್ತ ನೋಡಿದ. ಜೊತೆಗೆ ಬಂದವನು ಕಂಪನಿಯ ಪೇಜಿಗೆ ಫೋಟೊ ಹಾಕಲು ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. "ಏನಮ್ಮಾ ಇದು, ಗೌರವ ಸಲ್ಲಿಸೋಕೆ ಬಂದಿದೀನಿ."

"ಕದ್ದಾಗ ಎಲ್ಲಿ ಹೋಗಿತ್ತಪ್ಪಾ ಗೌರವ?" ಗೋಡೆಗೊರಗಿ ಕೂತಿದ್ದ ಸೋದರತ್ತೆ ಕೇಳಿದಳು. "ನಮ್ಮತ್ತಿಗೆ ಹೆಣೆದ ಆನೆ ಇವರ ಅಂಗಡೀಲಿ ಮರಿ ಹಾಕ್ತಾ ಇತ್ತು!"

ಅಳುತ್ತಿದ್ದವರೂ ನಕ್ಕುಬಿಟ್ಟರು.

*

ಅಮ್ಮ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಬಿಡುವಿನಲ್ಲಿ ಉಲ್ಲನ್ ಆನೆಗಳನ್ನು ಹೆಣೆದು, ಫೋಟೊ, ಹೆಣೆಯುವ ವಿಧಾನ ಎರಡನ್ನೂ ಮೊಬೈಲಿನಲ್ಲಿ ಹಾಕುತ್ತಿದ್ದಳು. ಕಂಪನಿ ಅವನ್ನೇ ಎತ್ತಿಕೊಂಡು, ಅಂಥವೇ ಆನೆಗಳನ್ನು ಮಾಡಿಸಿ ತನ್ನ ವೆಬ್‌ಸೈಟಿನಲ್ಲಿ ಮಾರಿತು. ಒಂದು ಮಾತು ಕೇಳಲಿಲ್ಲ, ಕಾಸು ಕೊಡಲಿಲ್ಲ. ಅಮ್ಮ ದೂರು ಕೊಟ್ಟಳು. ಫೋಟೊದ ಆನೆ ನಮ್ಮ ಕಂಪನಿಯ ಹುಡುಗಿಯೇ ಹೆಣೆದದ್ದು ಎಂದ ಯಜಮಾನ, ವಿಚಾರಣೆಗೆ ಆ ಹುಡುಗಿಯನ್ನೂ ಕರೆತಂದ.

"ಹಾಗಾದ್ರೆ ಸೊಂಡಿಲು ಹೆಣಿ ಮಗಳೇ," ಎಂದಳು ಅಮ್ಮ.

ಹುಡುಗಿ ಹೆಣೆದಳು. ಸುತ್ತು ಬಲಕ್ಕೆ ವಾಲಿತು. ಫೋಟೊದಲ್ಲಿ ಎಡಕ್ಕೆ ವಾಲಿತ್ತು. ಬಿಚ್ಚಿ ಮತ್ತೆ ಹೆಣೆದಳು, ಮತ್ತೆ ಬಲಕ್ಕೇ. ಅಮ್ಮ ಕಡ್ಡಿ ಇಸಿದುಕೊಂಡು ಎಡಗೈಯಲ್ಲಿ ಹಿಡಿದಳು. ನಾಲ್ಕು ಸುತ್ತಿಗೇ ಸೊಂಡಿಲು ಫೋಟೊದಲ್ಲಿದ್ದಂತೆ ಎಡಕ್ಕೆ ವಾಲಿತು.

"ಇದು ನಂದಲ್ಲ ಸರ್," ಎಂದಳು ಹುಡುಗಿ.

"ಎಡಗೈ ಅಂತ ನಮ್ಮವ್ವ ಸೌಟಲ್ಲಿ ಹೊಡೀತಿದ್ಲು," ಅಮ್ಮ ಅಧಿಕಾರಿಗೆ ಹೇಳಿದಳು. "ಪುಣ್ಯಕ್ಕೆ ನಾನು ಬುದ್ಧಿ ಕಲೀಲಿಲ್ಲ."

ಪರಿಹಾರ ಕೊಡಬೇಕು, ಪ್ರತಿ ಆನೆಯ ಕೆಳಗೂ ಅವಳ ಹೆಸರು ಹಾಕಬೇಕು ಎಂದು ಆದೇಶವಾಯಿತು. ಯಜಮಾನ ದುಡ್ಡು ಕಟ್ಟಿದ. ಹೆಸರನ್ನು ಮಾತ್ರ ನಾಳೆ, ನಾಳಿದ್ದು ಎಂದು ತಳ್ಳುತ್ತ ಬಂದ. ಅಮ್ಮ ದಿನಾ ಬೆಳಗ್ಗೆ ಎದ್ದವಳೇ ಮೊಬೈಲು ತೆರೆದು ನೋಡುತ್ತಿದ್ದಳು. ನಿನ್ನೆ ಏಳಲಿಲ್ಲ.

*

"ಹೆಸರು ಹಾಕಿ," ಎಂದಳು ಮಗಳು. "ಅಲ್ಲೀವರೆಗೂ ಹೆಣ ಎತ್ತಲ್ಲ."

"ಆಫೀಸಿಗೆ ಹೋಗಿ ನೋಡ್ತೀನಮ್ಮಾ..."

"ಕದಿಯೋಕೆ ಒಂದು ಬೆರಳು ಸಾಕಾಗಿತ್ತು," ಎಂದಳು ಸೋದರತ್ತೆ. "ಹೆಸರು ಹಾಕೋಕೆ ಆಫೀಸು ಬೇಕಾ?"

ಹೆಗಲು ಕೊಡಬೇಕಾದವರು ಕೈಕಟ್ಟಿ ನಿಂತರು. ಯಜಮಾನ ಬೆವರು ಒರೆಸಿಕೊಂಡು ಆಫೀಸಿಗೆ ಫೋನು ಹಚ್ಚಿದ. ಹೆಸರಿನ ಒಂದೊಂದೇ ಅಕ್ಷರ ಹೇಳಿ ಬರೆಸಿದ. ಸ್ವಲ್ಪ ಹೊತ್ತಿಗೆ ಮೊಬೈಲು ಕೈಯಿಂದ ಕೈಗೆ ಹೋಯಿತು. ಸೋದರತ್ತೆ ಹೆಸರನ್ನು ಗಟ್ಟಿಯಾಗಿ ಓದಿದಳು. ಬಾಗಿಲಲ್ಲಿದ್ದ ದರ್ಜಿ ಇಸಿದುಕೊಂಡು ಇನ್ನೂ ಗಟ್ಟಿಯಾಗಿ ಓದಿದ.

"ಈಗ ಹೆಗಲು ಕೊಡ್ಲಾ?" ಯಜಮಾನ ಕೇಳಿದ.

"ಹೆಗಲಿಗೆ ನಾನಿದೀನಿ," ಎಂದಳು ಮಗಳು. "ನೀವು ದಾರಿ ಬಿಡಿಸಿ."

ಹೆಣ ಹೆಗಲೇರಿತು. ಮುಖ್ಯರಸ್ತೆಯ ನಡುವೆ ಕಂಪನಿಯ ಯಜಮಾನ ಎರಡೂ ಕೈ ಚಾಚಿ, ಹಾರ್ನು ಹೊಡೆಯುತ್ತಿದ್ದ ಲಾರಿಗಳನ್ನು ತಡೆದು ನಿಂತಿದ್ದ.